ಹದಿನೈದು ದಿನದ ತಂತಿ

ಗಿಟಾರಿನ ತಂತಿಯನ್ನು ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು ಎಂದು ಯಾರಾದರೂ ಕೇಳಿದರೆ ವಾದ್ಯದಂಗಡಿಯ ತಂತಿಯಕ್ಕ ಉತ್ತರ ಕೊಡುತ್ತಿರಲಿಲ್ಲ, ತಿರುಗಿ ಪ್ರಶ್ನೆ ಹಾಕುತ್ತಿದ್ದಳು: "ನುಡಿಸೋರು ಯಾರು?" ಕೇಳಿದವರು ತಬ್ಬಿಬ್ಬಾಗಿ "ನಾನೇ" ಎಂದರೆ ಅವರ ಕೈ ಹಿಡಿದು, ಬೆರಳ ತುದಿಗಳನ್ನು ಒತ್ತಿ ನೋಡುತ್ತಿದ್ದಳು. ಒಣ ಕೈಯವರಿಗೆ ಮೂರು ತಿಂಗಳು. ದಿನವೂ ನುಡಿಸುವವರಿಗೆ ತಿಂಗಳು, ಹೆಚ್ಚೆಂದರೆ ಒಂದೂವರೆ ತಿಂಗಳು. ಕೊಂಡ ಹುರುಪಿನಲ್ಲಿ ಒಂದು ವಾರ ಬಾರಿಸಿ ಆಮೇಲೆ ಮಂಚದ ಕೆಳಗೆ ತಳ್ಳುವ ಜಾತಿಯವರನ್ನು ಅವಳು ಕಂಡಕೂಡಲೇ ಗುರುತಿಸುತ್ತಿದ್ದಳು. ಅಂಥವರಿಗೆ, ತುಕ್ಕು ಹಿಡಿದ ಮೇಲೆ ಬನ್ನಿ, ಅವಸರವೇನಿಲ್ಲ ಎಂದು ಮುಖಕ್ಕೇ ಹೇಳಿಬಿಡುತ್ತಿದ್ದಳು. ಮುಂದೆ ಗಲ್ಲಾದಲ್ಲಿ ಕೂತ ಅಂಗಡಿ ಯಜಮಾನರು ಅದನ್ನು ಕೇಳಿ ಹಣೆ ಚಚ್ಚಿಕೊಳ್ಳುವರು. ದಾಕ್ಷಿಣ್ಯ ಎಂಬುದು ಆ ಹೆಂಗಸಿನ ಹತ್ತಿರವೂ ಸುಳಿದಿರಲಿಲ್ಲ.

ಅವಳ ಜಾಗ ಅಂಗಡಿಯ ಹಿಂದಿನ ಕೋಣೆ. ಕಂಬಳಿ ಹಾಸಿದ ಮೇಜು, ಗಿಟಾರಿನ ಕುತ್ತಿಗೆ ಒರಗಿಸಲು ಒಂದು ಮರಳಿನ ದಿಂಬು, ತಲೆಯ ಮೇಲೆ ಟ್ಯೂಬ್‌ಲೈಟು, ಕಾಲ ಬಳಿ ಹಳೆ ತಂತಿ ಎಸೆಯುವ ತಗಡಿನ ಡಬ್ಬ. ಎಷ್ಟೋ ವರ್ಷಗಳಿಂದ ಅದೇ ಮೇಜು, ಅದೇ ಕ್ರಮ. ಬಿರಡೆಗಳನ್ನು ಸಡಿಲಿಸುವುದು. ಆರೂ ತಂತಿಗಳನ್ನು ಮುಷ್ಟಿಯಲ್ಲಿ ಒಟ್ಟು ಹಿಡಿದು ಕಟ್ಟರಿನಿಂದ ಒಂದೇ ಸಲಕ್ಕೆ ಕತ್ತರಿಸುವುದು, ಸುರುಳಿ ಸುತ್ತಿ ಡಬ್ಬಕ್ಕೆ ಎಸೆಯುವುದು. ಬೆರಳು ಓಡಾಡುವ ಪಟ್ಟಿಯ ಕೊಳೆಯನ್ನು ಎಣ್ಣೆಬಟ್ಟೆಯಿಂದ ತಿಕ್ಕಿ ತೆಗೆಯುವುದು. ಹೊಸ ತಂತಿ ಹಾಕಿ, ಎಳೆದು, ಶ್ರುತಿ ಮಾಡುವುದು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಬಾಯಿ ತನ್ನ ಪಾಡಿಗೆ ಲೋಕವನ್ನೆಲ್ಲ ಬೈಯುತ್ತಿತ್ತು.

ಮೂರು ತಿಂಗಳು, ಒಂದು ತಿಂಗಳು ಎಂಬ ಅವಳ ಲೆಕ್ಕದೊಳಗೆ ಬಾರದವನು ಒಬ್ಬನೇ, ಅವಳ ತಮ್ಮ. ಹೋಟೆಲೊಂದರ ಊಟದ ಹಾಲ್‌ನಲ್ಲಿ ಸಂಜೆ ಗಿಟಾರು ನುಡಿಸುವವನು. ಅವನದು ಸದಾ ಬೆವರುವ ಉಪ್ಪುಗೈ. ಮುಟ್ಟಿದ ತಂತಿಯೆಲ್ಲ ಕಪ್ಪಾಗುತ್ತಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ನಾದ ಸತ್ತು, ಶೀತವಾದ ಗಂಟಲಿನ ಹಾಗೆ ಕೇಳುತ್ತಿತ್ತು. ಹದಿನೈದು ದಿನಕ್ಕೊಮ್ಮೆ, ಶನಿವಾರ ಮಧ್ಯಾಹ್ನ, ಅವನು ಹಿಂದಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತು, ಅಕ್ಕನ ಊಟದ ಡಬ್ಬಿಯನ್ನು ಹೇಳದೆ ಕೇಳದೆ ಖಾಲಿ ಮಾಡುತ್ತಿದ್ದ. ತಂತಿ ಹಾಕಿ ಶ್ರುತಿ ಮಾಡಿ ಅವಳು ಒಂದು ಸಲ ಆರೂ ತಂತಿ ಮೀಟಿ ನೋಡಿದಳೋ ಇಲ್ಲವೋ, ಅವನ ಬಾಯಿಂದ ಅದೇ ಮಾತು ಬರುತ್ತಿತ್ತು: "ಆಯ್ತಪ್ಪ, ಇದಕ್ಕೆ ತಲೆಸ್ನಾನ ಆಯ್ತು." ಅವಳೂ ಬಿಡದೆ ಅನ್ನುವಳು, "ನಿನಗ್ಯಾವಾಗ?" ಇಬ್ಬರಿಗೂ ನರೆ ಬಂದಿತ್ತು, ಜೋಕು ಮಾತ್ರ ಬದಲಾಗಿರಲಿಲ್ಲ.

ತಮ್ಮ ಹೋದ. ಹೋಟೆಲಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದನಂತೆ, ಆಸ್ಪತ್ರೆ ಮುಟ್ಟಲಿಲ್ಲ. ತಂತಿಯಕ್ಕ ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ನೀರು ಕೊಟ್ಟಳು, ಚಪ್ಪಲಿಗಳನ್ನು ಜೋಡಿಸಿಟ್ಟಳು. ಎಂಥ ಕಲ್ಲುಮನಸ್ಸಪ್ಪ ಎಂದು ನೆಂಟರು ಪಿಸುಗುಟ್ಟಿದ್ದು ಅವಳ ಕಿವಿಗೇ ಬಿತ್ತು, ಬಿದ್ದರೂ ಏನೂ ಅನ್ನಿಸಲಿಲ್ಲ. ಆಮೇಲೂ ಅನ್ನಿಸಲಿಲ್ಲ. ಉಂಡಿದ್ದು ರುಚಿಸುತ್ತಿರಲಿಲ್ಲ, ರುಚಿಸದಿರುವುದು ಬೇಸರವನ್ನೂ ತರುತ್ತಿರಲಿಲ್ಲ. ಬಸ್ಸಿನಲ್ಲಿ ಇಳಿಯುವ ಜಾಗ ದಾಟಿ ಹೋದರೆ ಇಳಿದು ಸುಮ್ಮನೆ ಹಿಂದಕ್ಕೆ ನಡೆದು ಬರುತ್ತಿದ್ದಳು. ಲೋಕವನ್ನು ಬೈಯುವುದು ನಿಂತುಹೋಯಿತು. ಅದರಿಂದ ಕಂಗಾಲಾದವರು ಯಜಮಾನರು. ಬೈಸಿಕೊಂಡೇ ಅಭ್ಯಾಸವಾದವರಿಗೆ ಆ ಮೌನ ತಡೆಯಲಾಗಲಿಲ್ಲ, ಪಾಪ. ನುಡಿಸೋರು ಯಾರು ಎಂದು ಕೇಳುವುದೊಂದು ಉಳಿದಿತ್ತು. ಅದೂ ಈಗ ಕಣ್ಣೆತ್ತದೆ ಕೇಳುವ ಮಾತಾಗಿತ್ತು.

ಏಳೆಂಟು ತಿಂಗಳು ಕಳೆದ ಮೇಲೆ ತಮ್ಮನ ಹೆಂಡತಿ ಗಿಟಾರು ಹೊತ್ತು ಬಂದಳು. ಅವಳು ಶಾಲೆಯ ವ್ಯಾನು ಓಡಿಸುವವಳು. ಮಕ್ಕಳನ್ನು ಇಳಿಸಿ ನೇರ ಬಂದಿದ್ದಳು, ಕೈಯಲ್ಲಿ ಇನ್ನೂ ವ್ಯಾನಿನ ಕೀ ಇತ್ತು. ಗೋಡೆಯ ಮೊಳೆ ಕಿತ್ತುಬಂದು ಗಿಟಾರು ಕೆಳಗೆ ಬಿದ್ದು ಒಂದು ಬಿರಡೆ ಬಾಗಿತ್ತು. ಅದನ್ನು ಬದಲಿಸುವುದು ಚಿಟಿಕೆ ಹೊಡೆಯುವಷ್ಟು ಸುಲಭದ ಕೆಲಸ. ತಂತಿಗಳು ಮಾತ್ರ ಇದ್ದಿಲಿನಂತೆ ಕಪ್ಪಾಗಿದ್ದವು. ತಂತಿಯಕ್ಕನ ಬೆರಳು ಅವುಗಳತ್ತ ಹೋಗುವುದನ್ನು ಕಂಡು ಆಕೆ ತಟ್ಟನೆ ಅಂದಳು:

"ಅಕ್ಕಾ, ತಂತಿ ಮಾತ್ರ ತೆಗೀಬೇಡಿ. ಅವರ ಕೈ ತಾಗಿದ್ದು ಅಂತ ಮನೇಲಿ ಉಳಿದಿರೋದು ಇದೊಂದೇ. ಶರ್ಟೆಲ್ಲ ನಾನೇ ಮೂರ್ಖಳ ಹಾಗೆ ಒಗೆದುಬಿಟ್ಟೆ."

ತಂತಿಯಕ್ಕ ತಲೆಯಾಡಿಸಿದಳು. ತುಕ್ಕು ಹಿಡಿದ ತಂತಿಯನ್ನು ಹಾಗೇ ಬಿಟ್ಟರೆ ಗಿಟಾರು ಹಾಳು ಎಂದು ಬೇರೆಯವರಿಗೆ ಹೇಳುವಂತೆ ಇವಳಿಗೆ ಹೇಳಲಿಲ್ಲ. ಬಾಗಿದ ಬಿರಡೆಯ ಆ ಒಂದು ತಂತಿಯನ್ನು ಮೆಲ್ಲಗೆ ಬಿಚ್ಚಿ, ಅದನ್ನೇ ಮತ್ತೆ ಸುತ್ತಿದರಾಯಿತು, ಮುರಿಯದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟಳು.

ಮಾತು ಕೊಟ್ಟಿದ್ದು ಬಾಯಿ, ಕೈ ಅಲ್ಲ. ಆ ವಾರ ಸಂಗೀತ ಶಾಲೆಯೊಂದರ ಗಿಟಾರುಗಳೆಲ್ಲ ತಂತಿ ಬದಲಿಗೆ ಬಂದು ಗೋಡೆಗೆ ಸಾಲಾಗಿ ಒರಗಿದ್ದವು. ಅವಳು ಒಂದು ಮುಗಿಸಿ ಇನ್ನೊಂದು ಎತ್ತಿಕೊಳ್ಳುತ್ತಿದ್ದಳು. ತಮ್ಮನ ಗಿಟಾರಿನ ಸರದಿ ಬಂದಾಗ ಬಾಗಿದ ಬಿರಡೆ ತೆಗೆದು ಹೊಸದನ್ನು ಕೂರಿಸಿದಳು. ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಿಸಲು ಒಳಗೆ ಯಾರಾದರೂ ಇರಬೇಕಲ್ಲ! ಕೈ ಉಳಿದ ಬಿರಡೆಗಳನ್ನೂ ಸಡಿಲಿಸಿತು, ತಂತಿಗಳನ್ನು ಮುಷ್ಟಿಯಲ್ಲಿ ಹಿಡಿಯಿತು, ಕತ್ತರಿಸಿತು. ಸುರುಳಿ ಡಬ್ಬಕ್ಕೆ ಬಿತ್ತು. ಎಣ್ಣೆಬಟ್ಟೆ ಪಟ್ಟಿಯ ಉದ್ದಕ್ಕೂ ಓಡಾಡಿ, ತಮ್ಮನ ಬೆರಳು ಕೂರುತ್ತಿದ್ದ ಕಡೆಯೆಲ್ಲ ಗಟ್ಟಿಯಾಗಿದ್ದ ಕೊಳೆಯನ್ನು ನುಣ್ಣಗೆ ಒರೆಸಿ ತೆಗೆಯಿತು. ಹೊಸ ತಂತಿ ಏರಿತು, ಶ್ರುತಿಯಾಯಿತು. ಆರೂ ತಂತಿ ಮೀಟಿದಳು. ಕೋಣೆ ತುಂಬುವ ಹಾಗೆ ಹೊಸ ನಾದ ಎದ್ದಿತು. ಮೀಟಿದವಳು ಸ್ಟೂಲಿನ ಕಡೆ ಕಿವಿ ಕೊಟ್ಟು ಕಾದಳು.

ಯಾರೂ ಏನೂ ಅನ್ನಲಿಲ್ಲ. ಯಾಕೆ ಕಾಯುತ್ತಿದ್ದೇನೆ ಎಂದು ಅವಳಿಗೇ ತಿಳಿಯಲಿಲ್ಲ. ತಲೆ ತಗ್ಗಿಸಿ ಮಡಿಲಲ್ಲಿದ್ದ ಗಿಟಾರನ್ನು ನೋಡಿದಳು. ತಮ್ಮನ ಉಂಗುರ ತಾಗಿ ತಾಗಿ ಮರದ ಮೇಲೆ ಬಿದ್ದಿದ್ದ ಗೀರು ಕಂಡಿತು. ಇದು ಅವನದು.

ಅವಳು ಡಬ್ಬವನ್ನು ನೆಲಕ್ಕೆ ಬೋರಲು ಹಾಕಿ ಹುಡುಕಿದಳು. ಊರಿನವರೆಲ್ಲರ ತಂತಿಗಳ ನಡುವೆ ಅವನದು ತಕ್ಷಣ ಸಿಕ್ಕಿತು. ಅಷ್ಟು ಕಪ್ಪಗೆ ಮಾಡುವ ಕೈ ಬೇರೆ ಯಾರದೂ ಇರಲಿಲ್ಲ. ಎಲ್ಲವೂ ನಡುಮಧ್ಯಕ್ಕೆ ತುಂಡಾಗಿದ್ದವು, ಮತ್ತೆ ಹಾಕುವ ಮಾತೇ ಇರಲಿಲ್ಲ. ಬೇರೆ ಯಾರದೋ ಕೆಟ್ಟ ತಂತಿ ಕಟ್ಟಿ, ಮಸಿ ಬಳಿದು ಕೊಟ್ಟರೂ ತಮ್ಮನ ಹೆಂಡತಿಗೆ ಗೊತ್ತಾಗುತ್ತಿರಲಿಲ್ಲ ಎಂಬ ಯೋಚನೆಯೂ ಬಂದುಹೋಯಿತು. ಆದರೆ ಸುಳ್ಳು ಹೇಳುವುದಕ್ಕೂ ಒಂದು ಹುಮ್ಮಸ್ಸು ಬೇಕು. ಅದು ಅವಳಲ್ಲಿ ಇರಲಿಲ್ಲ. ತುಂಡುಗಳನ್ನು ಒಂದು ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟಳು. ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಮರುದಿನ ತಮ್ಮನ ಹೆಂಡತಿ ಬಂದಳು. ತಂತಿಯಕ್ಕ ಪೀಠಿಕೆ ಹಾಕಲಿಲ್ಲ.

"ಕತ್ತರಿಸಿಬಿಟ್ಟೆ ಕಣೆ. ಬೇಕು ಅಂತ ಅಲ್ಲ. ಕೈ ಕತ್ತರಿಸಿದ್ದು ನಂಗೆ ಗೊತ್ತೇ ಆಗ್ಲಿಲ್ಲ."

ಆಕೆ ಕಾಗದದ ಪೊಟ್ಟಣ ಬಿಚ್ಚಿ ನೋಡಿದಳು. ಮುಖ ಕೆಂಪಗಾಯಿತು. "ಒಂದೇ ಒಂದು ಮಾತು ಹೇಳಿದ್ದೆ ನಾನು," ಎಂದಳು. ದನಿ ಏರಿಸಲಿಲ್ಲ, ಅದಕ್ಕೇ ಹೆಚ್ಚು ತಾಗಬೇಕಿತ್ತು. "ನಿಮಗೆ ಗೊತ್ತಾಗಲ್ಲ ಅಂದ್ರೆ ಇನ್ಯಾರಿಗೆ ಗೊತ್ತಾಗ್ಬೇಕು ಅಕ್ಕಾ? ನೀವು ಅಳಲೂ ಇಲ್ಲ. ಅವತ್ತೂ ಇಲ್ಲ, ಇವತ್ತೂ ಇಲ್ಲ."

ತಂತಿಯಕ್ಕ ಡ್ರಾಯರು ಮುಚ್ಚಿದಳು. ನಿಜ ಎಂದುಕೊಂಡಳು. ಬೈದರೆ ಬೈಯಲಿ, ಅವಳಿಗೆ ಆ ಹಕ್ಕಿದೆ ಎಂದುಕೊಂಡಳು.

ಆಕೆ ಸ್ಟೂಲಿನ ಮೇಲೆ ಕೂತಳು, ಅವನು ಕೂರುತ್ತಿದ್ದ ಅದೇ ಸ್ಟೂಲು. ಸುಮ್ಮನೆ ಕೂತಿರಲಾರದೆಯೋ ಏನೋ, ಮೇಜಿನ ಮೇಲಿದ್ದ ಗಿಟಾರಿನ ತಂತಿಗಳ ಮೇಲೆ ಹೆಬ್ಬೆರಳು ಎಳೆದಳು. ನಾದ ಎದ್ದು, ನಿಧಾನವಾಗಿ ಅಡಗಿತು. ಆಕೆ ಮತ್ತೊಮ್ಮೆ ಎಳೆದಳು. ಅವರು ಶನಿವಾರ ಇಲ್ಲಿಂದ ಮನೆಗೆ ಬಂದಾಗ ಹೀಗೇ ಕೇಳುತ್ತಿತ್ತು, ಅಡುಗೆಮನೆಯಲ್ಲಿದ್ದರೂ ನನಗೆ ತಿಳಿಯುತ್ತಿತ್ತು ಎಂದು, ಅಕ್ಕನಿಗೆ ಹೇಳಿದ್ದೋ ತನಗೆ ತಾನೇ ಹೇಳಿಕೊಂಡಿದ್ದೋ ಗೊತ್ತಾಗದ ಹಾಗೆ ಹೇಳಿದಳು. ಆಮೇಲೆ ತುಂಡು ತಂತಿಗಳ ಪೊಟ್ಟಣವನ್ನು ಚೀಲದೊಳಗೆ ಜೋಪಾನವಾಗಿ ಇಟ್ಟುಕೊಂಡು ಎದ್ದಳು. ತಂತಿಯಕ್ಕ ಬಗ್ಗಿ ಗಿಟಾರಿನ ಕವಚದ ಜಿಪ್ಪು ಎಳೆಯುತ್ತಿದ್ದಳು. ಅದು ಯಾವಾಗಲೂ ಅರ್ಧಕ್ಕೇ ಸಿಕ್ಕಿಕೊಳ್ಳುವ ಜಿಪ್ಪು.

"ಈ ನಾದ ಹೀಗೇ ಇರ್ಬೇಕು ಅಂದ್ರೆ," ಎಂದಳು ತಮ್ಮನ ಹೆಂಡತಿ, "ತಂತಿ ಇನ್ನು ಎಷ್ಟು ದಿನಕ್ಕೆ ಬದಲಾಯಿಸ್ಬೇಕು ಅಕ್ಕಾ?"

ತಂತಿಯಕ್ಕ ಜಿಪ್ಪಿನಿಂದ ಕಣ್ಣೆತ್ತಲಿಲ್ಲ. ದಿನಕ್ಕೆ ಹತ್ತು ಸಲ ಕೇಳುವುದನ್ನೇ ಕೇಳಿದಳು.

"ನುಡಿಸೋರು ಯಾರು?"

ಕೇಳಿದ ಮೇಲೆ ಅವಳ ಕೈ ನಿಂತಿತು. ತಾನು ಏನು ಕೇಳಿದೆ ಎಂಬುದು ಅವಳಿಗೆ ಆಗ ಕೇಳಿಸಿತು.

"ಯಾರೂ ಇಲ್ಲ ಅಕ್ಕಾ," ಎಂದಳು ತಮ್ಮನ ಹೆಂಡತಿ.

ತಂತಿಯಕ್ಕ ಜಿಪ್ಪು ಹಿಡಿದುಕೊಂಡೇ ನೆಲಕ್ಕೆ ಕೂತಳು. ಮೊದಲು ಬಂದದ್ದು ಬಿಕ್ಕಳಿಕೆಯಂಥ ಒಂದು ಶಬ್ದ, ಅದು ತನ್ನದೆಂದು ಅವಳಿಗೆ ನಂಬಿಕೆಯಾಗಲಿಲ್ಲ. ಆಮೇಲೆ ತಡೆಯಲಾಗಲಿಲ್ಲ. ಮುಂದಿನ ಕೋಣೆಯಲ್ಲಿ ಯಜಮಾನರು ಯಾರಿಗೋ ಬೆಲೆ ಹೇಳುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ತಮ್ಮನ ಹೆಂಡತಿ ಹೋಗಿ ನಡುವಿನ ಬಾಗಿಲು ಮುಚ್ಚಿದಳು, ವ್ಯಾನಿನ ಕೀ ಮೇಜಿನ ಮೇಲಿಟ್ಟು ಅವಳ ಪಕ್ಕದಲ್ಲಿ ಕೂತಳು.