ಗೇರಕ್ಕ ಕೊಂಡ ಮಿಲಿಟರಿ ಲಾರಿ

ಗೇರಕ್ಕ ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದಳು. ಊರಿನ ಅರ್ಧ ಜನ ಅವಳ ಕೈಕೆಳಗೆ ಕಾರು ಕಲಿತವರು. ಉಳಿದರ್ಧ ಜನ, ಅವರು ಕಲಿಯುವಾಗ ಚರಂಡಿಗೆ ಹಾರಿ ಜೀವ ಉಳಿಸಿಕೊಂಡವರು. ಅವಳ ಕಂಠದ ಬಗ್ಗೆ ಹೇಳುವುದಾದರೆ, "ಕ್ಲಚ್ಚು!" ಎಂದು ಒಮ್ಮೆ ಕೂಗಿದಳೆಂದರೆ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನ ಡ್ರೈವರೂ ಕಾಲು ಒತ್ತುತ್ತಿದ್ದ. ಸೈಕಲ್ಲಿನವರು ಇಳಿದು ತಮ್ಮ ಸೈಕಲ್ಲಿಗೆ ಕ್ಲಚ್ಚು ಎಲ್ಲಿದೆಯೆಂದು ಹುಡುಕಿದ್ದೂ ಉಂಟು. ದಾಖಲೆಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಅದು ಗೊತ್ತಿದ್ದದ್ದು ಗಂಡನಿಗೂ ತೆರಿಗೆ ಕಚೇರಿಗೂ ಮಾತ್ರ.

ಗಂಡ ಗಡಿಯಾರ ರಿಪೇರಿಯವನು. ಒಂದೇ ಕೋಣೆಯಲ್ಲಿ ಇಬ್ಬರ ಸಂಸಾರ, ಇಬ್ಬರ ವ್ಯಾಪಾರ. ಈ ಗೋಡೆಯ ತುಂಬ ರಸ್ತೆ ಚಿಹ್ನೆಗಳ ಚಿತ್ರಪಟ, ಆ ಗೋಡೆಯ ತುಂಬ ಗಡಿಯಾರ. ಎಲ್ಲವೂ ಬೇರೆ ಬೇರೆ ಸಮಯ ತೋರಿಸುತ್ತಿದ್ದುದರಿಂದ ತಡವಾಗಿ ಬಂದ ಶಿಷ್ಯನಿಗೆ ತನಗೆ ಅನುಕೂಲವಾದ ಗಡಿಯಾರವನ್ನು ತೋರಿಸುವ ಸ್ವಾತಂತ್ರ್ಯವಿತ್ತು.

ಒಂದು ಬೆಳಿಗ್ಗೆ ಆ ಕೋಣೆಗೆ ಐದು ಜನ ಹೆಂಗಸರು ಬಂದರು. ನಗರಸಭೆಯ ಕಸದ ಲಾರಿಯ ಹಿಂದೆ ನಡೆದು ಮನೆಮನೆಯ ಕಸ ಎತ್ತುವವರು. ಎರಡು ವರ್ಷದ ಹಿಂದೆ ಐವರೂ ಗೇರಕ್ಕನ ಹತ್ತಿರ ಕಾರು ಕಲಿತು ಲೈಸೆನ್ಸು ಮಾಡಿಸಿಕೊಂಡಿದ್ದರು. ಮುಂದೆ ನಿಂತವಳನ್ನು ಎಲ್ಲರೂ ಸೀಟಿಯಮ್ಮ ಎನ್ನುತ್ತಿದ್ದರು. ಬೀದಿ ತುದಿಯಲ್ಲಿ ನಿಂತು ಅವಳು ಊದುವ ಸೀಟಿಗೆ ಸೋಮಾರಿಗಳೂ ಬಕೆಟ್ಟು ಹಿಡಿದು ಓಡಿಬರುತ್ತಿದ್ದರು.

"ಅಕ್ಕಾ, ನಗರಸಭೆ ಕಸದ ಲಾರಿಗೆ ಡ್ರೈವರ್ ತಗೋತಿದೆ. ಹೆವಿ ಲೈಸೆನ್ಸು ಬೇಕಂತೆ. ಇಷ್ಟು ವರ್ಷ ಲಾರಿ ಹಿಂದೆ ಓಡಿದ್ದು ಸಾಕು, ಇನ್ನು ಒಳಗೆ ಕೂರೋಣ ಅಂತ."

"ಹೆವಿ ಕಲಿಸೋರು ಬಸ್ ನಿಲ್ದಾಣದ ಹತ್ರ ಇದಾರಲ್ಲ?"

"ಹೋಗಿದ್ವಿ. ಹೆಂಗಸರ ತೋಳಲ್ಲಿ ಅಷ್ಟು ಕಸುವು ಇರಲ್ಲ ಅಂದ. ಅವನ ಅಂಗಡಿ ಮುಂದೆ ತುಂಬಿದ್ದ ಕಸದ ಡ್ರಮ್ಮು ಇತ್ತು. ಎತ್ತಿ ಅವನ ಮೇಜಿನ ಮೇಲಿಟ್ಟು ಬಂದೆ."

ಗೇರಕ್ಕನಿಗೆ ರೋಷ ಉಕ್ಕಿತು. "ನಾನು ಕಲಿಸ್ತೀನಿ" ಅಂದುಬಿಟ್ಟಳು. ಅರ್ಜಿ ಹಾಕಲು ತೊಂಬತ್ತು ದಿನವಿತ್ತು. ಐವರೂ ಕೈಮುಗಿದು ಹೋದ ಮೇಲೆ ಗಂಡ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯದೆಯೇ ಕೇಳಿದ.

"ಲಾರಿ ಇದೆಯೇನೇ?"

"ಇಲ್ಲ."

"ಹೆವಿ ಲೈಸೆನ್ಸು?"

"ಕಾರಿಂದು ಮಾತ್ರ."

"ಮತ್ತೆ ಇರೋದೇನು?"

"ಬಾಯಿ ಇದೆ ರೀ. ಅದರಿಂದ ಮಾತು ಕೊಟ್ಟಾಯ್ತು."

ಹೊಸ ಲಾರಿ ಅವರ ಕೈಗೆ ಎಟಕುವಂಥದ್ದಲ್ಲ. ಆದರೆ ಆ ವಾರವೇ ಪತ್ರಿಕೆಯಲ್ಲಿ ಸೈನ್ಯದ ಡಿಪೋದ ಜಾಹೀರಾತು ಬಂತು: ಬಳಸಿ ಬಿಟ್ಟ ಲಾರಿಗಳು ಮಾರಾಟಕ್ಕಿವೆ. ಗಂಡ ಹೆಂಡತಿ ಇಬ್ಬರೂ ಸ್ಕೂಲಿನ ಕಾರಿನಲ್ಲಿ ಹೊರಟರು. ಓಡಿಸಿದವನು ಆ ದಿನದ ಶಿಷ್ಯ; ಗೇರಕ್ಕ ಎಂದಿನಂತೆ ಪಕ್ಕದ ಸೀಟಿನಲ್ಲಿ.

ಡಿಪೋದ ಅಂಗಳದಲ್ಲಿ ಹಸಿರು ಲಾರಿಗಳು ಸಾಲಾಗಿ ನಿಂತಿದ್ದವು. ಸಾಲಿನ ಈ ತುದಿಯಲ್ಲಿ ತಿಂಡಿ ತಿಂದು ಹೊರಟರೆ ಆ ತುದಿ ಮುಟ್ಟುವಷ್ಟರಲ್ಲಿ ಮತ್ತೆ ಹಸಿವಾಗುತ್ತಿತ್ತು. ತೋರಿಸಲು ಬಂದವನು ಒಬ್ಬ ಹವಾಲ್ದಾರ. ಮೀಸೆ ಎಷ್ಟು ಅಗಲವೆಂದರೆ, ಎರಡು ಲಾರಿಗಳ ನಡುವೆ ನುಗ್ಗುವಾಗ ಅವನು ಮುಖ ಓರೆ ಮಾಡಬೇಕಿತ್ತು.

ಗೇರಕ್ಕ ಮೊದಲು ಮರುಳಾದದ್ದು ಹೊಳೆಯುವ ಒಂದು ಲಾರಿಗೆ. ಗಂಡ ಮಾತ್ರ ಅದರ ಕೆಳಗೆ ತೂರಿ, ಭೂತಗನ್ನಡಿ ಹಿಡಿದು, ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಒಂದೊಂದಾಗಿ ಓದಿದ. ಕಾಗದದಲ್ಲಿದ್ದ ಸಂಖ್ಯೆ ಬೇರೆಯೇ ಆಗಿತ್ತು.

"ಯಜಮಾನ್ರೇ, ಕಣ್ಣು ಅಂದ್ರೆ ಕಣ್ಣು!" ಎಂದ ಹವಾಲ್ದಾರ. "ಅದು ಹೋದ ವರ್ಷ ಎಲ್ಲೋ ಅದಲುಬದಲಾಗಿದೆ. ಚಾಸಿ ನಂಬರು, ಎಂಜಿನ್ ನಂಬರು, ನಮ್ಮ ಮಾರಾಟದ ಪತ್ರ, ಮೂರೂ ಒಂದೇ ಮಾತು ಹೇಳಬೇಕು. ಇಲ್ದಿದ್ರೆ ನೀವು ಮುದುಕರಾದರೂ ರಿಜಿಸ್ಟರ್ ಆಗಲ್ಲ."

ಕೊನೆಗೆ ಉಳಿದದ್ದು ಎರಡು. ಒಂದು ಚಿಕ್ಕದು, ಚೊಕ್ಕದು. ಇನ್ನೊಂದು ಆರು ಚಕ್ರದ ಆನೆ. ಎಂಜಿನ್ ಚಾಲೂ ಮಾಡಿದಾಗ ಡಿಪೋದ ಮೇಲಿನ ಮೋಡ ಸ್ವಲ್ಪ ಸರಿದು ನಿಂತಿತಂತೆ. ಗಂಡ ಅದರ ಎಂಜಿನ್ನಿಗೆ ಕಿವಿಯಿಟ್ಟು, ಗೋಡೆ ಗಡಿಯಾರದ ನಾಡಿ ಹಿಡಿದಂತೆ ತಲೆಯಾಡಿಸಿದ. "ಕೆಮ್ಮು ಇದೆ. ಆದ್ರೆ ಎದೆ ಗಟ್ಟಿ."

"ಟೀಚರಮ್ಮ, ಚಿಕ್ಕದನ್ನ ತಗೊಳ್ಳಿ," ಎಂದ ಹವಾಲ್ದಾರ. "ಇದರ ತೂಕ ಲೈಟ್ ವಾಹನದ ಮಿತಿ ಒಳಗೇ ಇದೆ. ರಿಜಿಸ್ಟರ್ ಮಾಡಿಸಿದ್ರೆ ನಿಮ್ಮ ಕಾರಿನ ಲೈಸೆನ್ಸಲ್ಲೇ ಮನೆಗೆ ಓಡಿಸ್ಕೊಂಡು ಹೋಗಬಹುದು. ಆ ದೊಡ್ಡದನ್ನ ನೀವು ಗೇಟು ದಾಟಿಸೋ ಹಾಗೂ ಇಲ್ಲ."

"ಇದರಲ್ಲಿ ಕಲಿಸಿದ್ರೆ ಶಿಷ್ಯರಿಗೆ ಹೆವಿ ಸಿಗುತ್ತಾ?"

"ಲೈಟ್ ಗಾಡೀಲಿ ಕಲ್ತು ಹೆವಿ ಪರೀಕ್ಷೆಗೆ ಕೂರೋಕಾಗುತ್ತಾ? ಅದು ಬೇರೆ, ಇದು ಬೇರೆ. ಕಲಿಸೋರ ಹತ್ರಾನೂ ಹೆವಿ ಇರಬೇಕು."

ಗೇರಕ್ಕ ಚಿಕ್ಕದನ್ನು ಒಮ್ಮೆ ಸುತ್ತಿ ಬಂದಳು. ಅದರ ಬಾಗಿಲು ಎಷ್ಟು ಮೆತ್ತಗೆ ಮುಚ್ಚಿಕೊಳ್ಳುತ್ತಿತ್ತೆಂದರೆ ಅವಳು ಅದನ್ನು ಮೂರು ಸಲ ತೆರೆದು ಮುಚ್ಚಿದಳು. ಆಮೇಲೆ ಆನೆಯ ಮುಂದೆ ಬಂದು ನಿಂತು, "ಇದಕ್ಕೇ ಬರ್ಕೊಳ್ಳಿ" ಅಂದಳು.

ಹವಾಲ್ದಾರ ಒಂದೊಂದಾಗಿ ನಿಯಮ ಬಿಡಿಸಿ ಹೇಳಿದ. ಸೈನ್ಯದ ಹಸಿರು ಬಣ್ಣ ಬೇರೆಯವರಿಗೆ ಸಲ್ಲದು, ಮೊದಲು ಅದನ್ನು ಅಳಿಸಬೇಕು. ಹೊಗೆ ತಪಾಸಣೆ, ಗಾಡಿಯ ಯೋಗ್ಯತಾಪತ್ರ, ಆಮೇಲೆ ಹೊಸ ನಂಬರು. ಹೆವಿಗೆ ಮೊದಲು ಕಲಿಕೆಯ ಲೈಸೆನ್ಸು. ಅದು ಕೈಗೆ ಬಂದು ಮೂವತ್ತು ದಿನ ತುಂಬಿದ ಮೇಲೆ ಪರೀಕ್ಷೆ. ಫೇಲಾದರೆ ಏಳು ದಿನ ಕಾದು ಮತ್ತೆ ಪರೀಕ್ಷೆ. ಮನೆಗೆ ಬಂದು ಗೇರಕ್ಕ ಬೆರಳು ಮಡಿಸಿದಳು. ತನ್ನದೊಂದು ಮೂವತ್ತು, ಹೆಂಗಸರದೊಂದು ಮೂವತ್ತು, ಕಚೇರಿಗಳಿಗೆ ಅಲೆಯಲು ಇಪ್ಪತ್ತು. ಕೈಯಲ್ಲಿ ಉಳಿದದ್ದು ಹತ್ತೇ ದಿನ. ತಾನು ಎರಡು ಸಲ ಫೇಲಾದರೆ ಐವರೂ ಲಾರಿಯ ಹಿಂದೆಯೇ ನಡೆಯಬೇಕು.

ಬಣ್ಣ ಬಳಿಯಲು ಐವರೂ ಡಿಪೋಗೇ ಬಂದರು. ಹಳದಿ ಆರಿಸಿದವಳು ಸೀಟಿಯಮ್ಮ. ಲಾರಿ ಎಷ್ಟು ಬಣ್ಣ ಕುಡಿಯಿತೆಂದರೆ ಊರಿನ ಅಂಗಡಿಗಳಲ್ಲಿ ಆಮೇಲೆ ಆರು ತಿಂಗಳು ಯಾರಿಗೂ ಹಳದಿ ಸಿಗಲಿಲ್ಲ. ಬಾಗಿಲಿಗೆ ಹಳದಿ ಬೇಕೆಂದವರು ನೀಲಿಯಲ್ಲಿ ತೃಪ್ತಿಪಟ್ಟರು.

ಕಲಿಸಲು ಒಪ್ಪಿಕೊಂಡವನು ಹವಾಲ್ದಾರನೇ. ಮೊದಲ ದಿನ ಗೇರಕ್ಕ ಸೆರಗು ಬಿಗಿದು, ಕಂಬಿ ಹಿಡಿದು, ಗತ್ತಿನಿಂದ ಲಾರಿ ಹತ್ತಿ ಕೂತಳು. ಹವಾಲ್ದಾರ ಕೆಳಗಿನಿಂದ ಮೆಲ್ಲಗೆ ಹೇಳಿದ, "ಟೀಚರಮ್ಮ, ಸ್ಟೇರಿಂಗ್ ಆ ಕಡೆ ಇದೆ."

ತೊಂದರೆ ಅಲ್ಲೇ ಇತ್ತು. ಇಪ್ಪತ್ತೆರಡು ವರ್ಷ ಅವಳು ಕೂತದ್ದು ಪಕ್ಕದ ಸೀಟಿನಲ್ಲಿ. ಓಡಿಸುವವರು ಶಿಷ್ಯರು, ಇವಳದು ಬಾಯಿ, ಜೊತೆಗೆ ಕಾಲ ಕೆಳಗೊಂದು ಎರಡನೆಯ ಬ್ರೇಕು. ಈಗ ಸ್ಟೇರಿಂಗ್ ಹಿಡಿದರೂ ಅಭ್ಯಾಸ ಬಿಡಲಿಲ್ಲ. ಎದುರಿಗೆ ಗೋಡೆ ಬಂದರೆ "ಬ್ರೇಕು!" ಎಂದು ಕೂಗಿ, ಯಾರಾದರೂ ಒತ್ತಲಿ ಎಂದು ಕಾಯುತ್ತಿದ್ದಳು.

"ಯಾರಿಗೆ ಹೇಳ್ತಿದೀರಿ? ಒತ್ತಬೇಕಾದ್ದು ನೀವು!" ಎಂದು ಹವಾಲ್ದಾರ ಅರಚುವಷ್ಟರಲ್ಲಿ ಡಿಪೋದ ಹೂಕುಂಡಗಳು ಮಣ್ಣಾಗಿರುತ್ತಿದ್ದವು. ಮೂರನೆಯ ದಿನಕ್ಕೆ ಕುಂಡಗಳು ಮುಗಿದವು. ನಾಲ್ಕನೆಯ ದಿನ ಕಾವಲಿನವನು ತನ್ನ ಗುಡಿಸಲನ್ನು ಬಿಚ್ಚಿ ಹೆಗಲ ಮೇಲೆ ಹೊತ್ತುಕೊಂಡು ದೂರ ಹೋದ.

ಇದಕ್ಕೆ ಮದ್ದು ಹೇಳಿದವನು ಗಂಡ. "ನೋಡೇ, ನಾನು ಕೆಲಸ ಮಾಡ್ವಾಗ ತುಟೀಲಿ ಪುಟ್ಟ ಸ್ಕ್ರೂ ಕಚ್ಕೊಂಡಿರ್ತೀನಿ. ಬಾಯಿ ಕಟ್ಟಿದ್ರೆ ಕೈ ತಾನೇ ಕೆಲಸ ಮಾಡುತ್ತೆ." ಸ್ಕ್ರೂ ನುಂಗಿಬಿಟ್ಟರೆ ಗತಿಯೇನೆಂದು ಹೆದರಿ ಒಂದು ಲವಂಗ ಕೊಟ್ಟ. ಗೇರಕ್ಕ ಅದನ್ನು ಹಲ್ಲಿನ ನಡುವೆ ಕಚ್ಚಿ ಕೂತಳು. ಲಾರಿ ಗೋಡೆಯ ಮುಂದೆ ಒಂದು ಮಾರು ದೂರದಲ್ಲಿ ಗಕ್ಕನೆ ನಿಂತಿತು. ಅಲ್ಲಿಂದ ಮೂವತ್ತು ದಿನ ತುಂಬುವವರೆಗೂ ಡಿಪೋದ ಗಾಳಿಗೆಲ್ಲ ಲವಂಗದ ವಾಸನೆ. ಊರಲ್ಲಿ ಹಲ್ಲುನೋವಿದ್ದವರು ಬೇಲಿಯ ಹತ್ತಿರ ನಿಂತು ವಾಸಿ ಮಾಡಿಕೊಂಡು ಹೋದರೆಂದು ಹವಾಲ್ದಾರ ಇಂದಿಗೂ ಹೇಳುತ್ತಾನೆ.

ಪರೀಕ್ಷೆಯ ದಿನ ಫೈಲು ಹಿಡಿದು ಬಂದ ಇನ್‌ಸ್ಪೆಕ್ಟರು ಬೇರೆ ಯಾರೂ ಅಲ್ಲ, ಗೇರಕ್ಕನ ಹಳೇ ಶಿಷ್ಯ. ಕ್ಲಚ್ಚು ಬಿಡಲು ಬಾರದೆ ಅವಳಿಂದ ಮೂರು ತಿಂಗಳು ಬೈಸಿಕೊಂಡವನು. ಲಾರಿ ಹತ್ತಿ ಅವಳ ಪಕ್ಕ ಕೂತಾಗ ಇನ್‌ಸ್ಪೆಕ್ಟರೇ ಮೊದಲು ಕೈಮುಗಿದ.

"ಮೇಡಂ... ಬಾಯಲ್ಲೇನಿದೆ?"

"ಲವಂಗ."

"ಪರೀಕ್ಷೆ ಹೊತ್ತಲ್ಲಿ ಏನೂ ಅಗಿಯೋ ಹಾಗಿಲ್ಲ ಮೇಡಂ. ದಯವಿಟ್ಟು ತಪ್ಪು ತಿಳ್ಕೋಬೇಡಿ."

ಲವಂಗ ಹೊರಗೆ ಬಂತು, ಅದರ ಹಿಂದೆಯೇ ಬಾಯಿಯೂ ಬಿಚ್ಚಿಕೊಂಡಿತು. ಏರಿನಲ್ಲಿ ಹೇಗೋ ನಿಭಾಯಿಸಿದಳು. ಪರೀಕ್ಷೆಗೆಂದು ನಿಲ್ಲಿಸಿದ್ದ ಡ್ರಮ್ಮುಗಳ ನಡುವೆ ಹಿಂದಕ್ಕೆ ತರುವಾಗ "ಬ್ರೇಕು!" ಎಂದು ಕೂಗಿ ಕಾದಳು. ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರು ಹಳೆಯ ಭಯಕ್ಕೆ ತನ್ನ ಕಾಲನ್ನೇ ನೆಲಕ್ಕೆ ಒತ್ತಿದ. ಅಲ್ಲಿ ಬ್ರೇಕು ಎಲ್ಲಿಂದ ಬರಬೇಕು? ಹಿಂದೆ ಡ್ರಮ್ಮು ಡಣ್ಣೆಂದು ಉರುಳಿತು.

ಇನ್‌ಸ್ಪೆಕ್ಟರು ಕನ್ನಡಿಯಲ್ಲಿ ನೋಡಿ, ಫೈಲಿನ ಕಡೆ ತಿರುಗಿದ. "ಗಾಳಿಗೆ ಬಿತ್ತು ಅನ್ಸುತ್ತೆ."

"ಇವತ್ತು ಎಲೆ ಅಲ್ಲಾಡ್ತಿಲ್ಲ."

"ಮೇಡಂ, ನಾನು ನೋಡ್ಲಿಲ್ಲ."

ಗೇರಕ್ಕ ಬೇಲಿಯ ಕಡೆ ನೋಡಿದಳು. ಐದು ಜನ ಹೆಂಗಸರು ಉಸಿರು ಬಿಗಿಹಿಡಿದು ನಿಂತಿದ್ದರು. ಹೂಂ ಅಂದುಬಿಟ್ಟರೆ ಏಳು ದಿನ ಉಳಿಯುತ್ತಿತ್ತು. ಆದರೆ ನಾಳೆ ಇದೇ ಡ್ರಮ್ಮುಗಳ ನಡುವೆ ಅವರನ್ನು ಕೂರಿಸಿ ಏನೆಂದು ಬೈಯುವುದು?

"ನಾನು ನೋಡ್ದೆ. ಬರಿಯಪ್ಪ, ಫೇಲು ಅಂತ ಬರಿ. ದೊಡ್ಡ ಅಕ್ಷರದಲ್ಲಿ ಬರಿ."

ಆ ಏಳು ದಿನ ಮನೆಯಲ್ಲಿ ಯಾರೂ ಲೆಕ್ಕದ ಸುದ್ದಿ ಎತ್ತಲಿಲ್ಲ. ಹತ್ತರಲ್ಲಿ ಏಳು ಹೋಗಿ ಉಳಿದದ್ದು ಮೂರು ಎಂಬುದು ಗೋಡೆಯ ಗಡಿಯಾರಗಳಿಗೂ ಗೊತ್ತಿತ್ತು. ಗೇರಕ್ಕ ಲವಂಗವಿಲ್ಲದೆ ಬಾಯಿ ಮುಚ್ಚಲು ನೋಡಿದಳು, ಆಗಲಿಲ್ಲ. ತುಟಿ ಒತ್ತಿ ಹಿಡಿದರೆ ಕಿವಿಯಿಂದ ಮಾತು ಬರುವಂತಾಗುತ್ತಿತ್ತು. ಆರನೆಯ ದಿನ ಹವಾಲ್ದಾರ ಸೋತು ಹೇಳಿದ, "ಮಾತಾಡಿ ಮಾರಾಯ್ತಿ. ಆದ್ರೆ ಪಕ್ಕದೋರಿಗೆ ಹೇಳ್ಬೇಡಿ. ಸ್ಟೇರಿಂಗ್ ಹಿಡಿದೋಳಿಗೆ ಹೇಳಿ."

ಎರಡನೆಯ ಪರೀಕ್ಷೆಯಲ್ಲಿ ಲಾರಿ ಡ್ರಮ್ಮುಗಳ ನಡುವೆ ಹಿಂದಕ್ಕೆ ಸರಿಯತೊಡಗಿದಾಗ ಗೇರಕ್ಕ ಶುರುಮಾಡಿದಳು. "ಕನ್ನಡಿ ನೋಡೇ ಕತ್ತೆ! ಅಲಂಕಾರಕ್ಕೆ ಇಟ್ಟಿದಾರಾ ಅದನ್ನ? ತಿರುಗಿಸು, ಇನ್ನೂ ತಿರುಗಿಸು! ಬ್ರೇಕು! ಹಾಂ, ಒತ್ತಿದ್ಯಲ್ಲ, ಅಷ್ಟಾದ್ರೂ ಬುದ್ಧಿ ಇದೆ." ಬೈಗುಳ ಬಿದ್ದಂತೆಲ್ಲ ಕೈಕಾಲು ಚುರುಕಾಗಿ ಆಡಿದವು. ಆರು ಚಕ್ರದ ಆನೆ ಡ್ರಮ್ಮುಗಳ ನಡುವೆ ಸೂಜಿಗೆ ದಾರ ಪೋಣಿಸಿದಂತೆ ಹೋಗಿ ನಿಂತಿತು.

"ಯಾರಿಗೆ ಬೈತಿದ್ರಿ ಮೇಡಂ?"

"ಓಡಿಸ್ತಿದ್ದೋಳಿಗೆ. ತನಗೆ ತಾನೇ ಬೈಕೋಬಾರ್ದು ಅಂತ ನಿಯಮ ಇದೆಯಾ?"

ಇನ್‌ಸ್ಪೆಕ್ಟರು ನಿಯಮದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ತಿರುವಿದ. ಇರಲಿಲ್ಲ. ಪಾಸು ಎಂದು ಬರೆದು, ಸಹಿ ಹಾಕಿ, ಹಣೆ ಒರೆಸಿಕೊಂಡ.

ಮರುದಿನವೇ ಪಾಠ ಶುರು. ಲಾರಿಯ ಹಿಂಬದಿಯಲ್ಲಿ ಜನ ಕೂರಬಾರದೆಂಬ ನಿಯಮವಿದ್ದುದರಿಂದ ಒಬ್ಬಳು ಓಡಿಸುವಾಗ ಉಳಿದ ನಾಲ್ವರು ಮೈದಾನದ ಅಂಚಿನಲ್ಲಿ ಕೂತು ತಮಗೆ ಬೀಳದ ಬೈಗುಳಕ್ಕೆ ನಗುತ್ತಿದ್ದರು. ತೋಳಿನ ಕಸುವಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಸೀಟಿಯಮ್ಮ ಎಳೆದ ರಭಸಕ್ಕೆ ಒಮ್ಮೆ ಗೇರಿನ ಹಿಡಿಯೇ ಕೈಗೆ ಕಿತ್ತುಬಂತು.

ಎಂಬತ್ತೊಂಬತ್ತನೆಯ ದಿನ ಮಧ್ಯಾಹ್ನ ಐವರೂ ನಗರಸಭೆಯ ಕಿಟಕಿಯ ಮುಂದೆ ಸಾಲಾಗಿ ನಿಂತರು. ಗುಮಾಸ್ತ ಐದು ಲೈಸೆನ್ಸುಗಳನ್ನೂ ತಿರುಗಿಸಿ ಮುರುಗಿಸಿ ನೋಡಿದ.

"ಐದೂ ಹೆವಿನಾ?"

"ಐದೂ ಹೆವಿ ಸ್ವಾಮಿ," ಎಂದಳು ಸೀಟಿಯಮ್ಮ. "ಬೇಗ ಮುದ್ರೆ ಒತ್ತಿ. ಲಾರಿ ನಿಲ್ಸೋಕೆ ಜಾಗ ಸಿಗದೆ ನಮ್ಮಕ್ಕ ನಿಮ್ಮ ಕಟ್ಟಡಕ್ಕೆ ಏಳನೇ ಸುತ್ತು ಹಾಕ್ತಿದಾರೆ."

ಗುಮಾಸ್ತ ಕಿಟಕಿಯಿಂದ ಹೊರಗೆ ನೋಡಿದ. ಹಳದಿ ಆನೆಯೊಂದು ಕಟ್ಟಡದ ಮೂಲೆಯನ್ನು ಒಂದು ಗೇಣು ಬಿಟ್ಟು ತಿರುಗುತ್ತಿತ್ತು. ಐದು ಅರ್ಜಿಗಳ ಮೇಲೂ ಅವನು ಒಂದೇ ಉಸಿರಿಗೆ ಮುದ್ರೆ ಒತ್ತಿದ.