ಕಾಕುವಿನ ಹಿತ್ತಲ ಖೋಲಿಗಳು

ದೀಪಾವಳಿ ಮುಗಿದ ವಾರ, ಮಕ್ಕಳಿಗೆ ಪಾಠ ಮಾಡಿ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಮೇಲಿನ ಮನೆಯಿಂದ ಒಂದು ವಾಸನೆ ಇಳಿದು ಬಂತು. ಗೋಧಿ ಹಿಟ್ಟು, ಬೆಲ್ಲ, ಬಡೇಸೋಪು ಕಲಸಿ ತುಪ್ಪದಲ್ಲಿ ಕರಿಯುವ ವಾಸನೆ. ಬಸವಕಲ್ಯಾಣದ ನಮ್ಮ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದ ಬಿಹಾರದ ಕುಟುಂಬ ಛಠ್ ಹಬ್ಬಕ್ಕೆ ಠೇಕುವಾ ಮಾಡುತ್ತಿತ್ತು. ಮೆಟ್ಟಿಲ ಮೇಲೆ ಹಾಗೇ ಕುಳಿತುಬಿಟ್ಟೆ. ಹುಮನಾಬಾದಿನ ಕಾಕು ನೆನಪಾದರು...

ಕಾಕು ನಮ್ಮ ಸಂಬಂಧಿಕರಲ್ಲ, ಅಲ್ಲಿ ನಾನು ಬೆಳೆದ ಮನೆಗೆ ಗೋಡೆಗೆ ಗೋಡೆ ಹತ್ತಿದ ಮನೆಯವರು. ಇಡೀ ಓಣಿಯೇ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿತ್ತು. ಗಂಡ ತೀರಿದ ಮೇಲೆ ಹಿತ್ತಲಿನ ದನದ ಕೊಟ್ಟಿಗೆ ತೆಗೆಸಿ, ಅಲ್ಲಿ ಸಾಲಾಗಿ ತಗಡಿನ ಬಾಡಿಗೆ ಖೋಲಿ ಹಾಕಿಸಿದ್ದರು. ಹೈವೇ ಆಚೆಯ ಕೆಮಿಕಲ್ ಫ್ಯಾಕ್ಟರಿಗಳಿಗೆ ಹೊರಗಿನ ಕೆಲಸಗಾರರು ಆಗಷ್ಟೇ ಬರತೊಡಗಿದ್ದರು. ನಮ್ಮ ಓಣಿಯಲ್ಲಿ ಅವರಿಗೆ ಯಾರೂ ಮನೆ ಕೊಡುತ್ತಿರಲಿಲ್ಲ. ಬಿಹಾರದ ಒಬ್ಬ ಹುಡುಗ, ಅವನ ಹೊಸ ಹೆಂಡತಿ, ಇಬ್ಬರಿಗೂ ಮೊದಲು ಬಾಗಿಲು ತೆಗೆದವರು ಕಾಕು.

ಕನಿಕರಕ್ಕಲ್ಲ ಎಂದು ಈಗ ಅನಿಸುತ್ತದೆ. ಕಾಕುವಿಗೆ ಇದ್ದದ್ದು ತೀರದ ಕುತೂಹಲ. ಆ ಹುಡುಗಿಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಸಾಸಿವೆ ಎಣ್ಣೆಯ ಘಾಟಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ತಮ್ಮ ದಖನಿ ಬೆರೆತ ಹಿಂದಿಯಲ್ಲಿ ಕೇಳುತ್ತಿದ್ದರು. ಹೊಲದಲ್ಲಿ ಏನು ಬೆಳೆಯುತ್ತೀರಿ, ಮದುವೆಯಲ್ಲಿ ಯಾವ ಹಾಡು ಹಾಡುತ್ತೀರಿ, ಕೂಸು ಅತ್ತರೆ ಏನಂತ ಸಮಾಧಾನ ಮಾಡುತ್ತೀರಿ... ಆಮೇಲೆ ನಮ್ಮ ಗೋಡೆಯ ಮೇಲಿಂದ ಇಣುಕಿ ನನಗೆ ವರದಿ ಒಪ್ಪಿಸುತ್ತಿದ್ದರು. ನಾನಾಗ ಡಿಗ್ರಿ ಓದುತ್ತಿದ್ದೆ.

"ಕೇಳಿಲ್ಲೇ, ಅವರ ಕಡಿ ಹೊಳಿ ಎಷ್ಟ್ ಅಗಲ ಅಂದ್ರ ಆಚೀ ದಂಡೀನೇ ಕಾಣಲ್ಲಂತ! ಹ್ಯಾಂಗಿರಬಹುದು?"

ಆ ವರ್ಷ ಛಠ್ ಬಂತು. ಹಿಂದಿನ ದಿನದಿಂದ ನೀರೂ ಮುಟ್ಟದೆ ಉಪವಾಸವಿದ್ದು, ಸಂಜೆ ನೀರಿನಲ್ಲಿ ನಿಂತು ಮುಳುಗುವ ಸೂರ್ಯನಿಗೆ ಅರ್ಘ್ಯ ಕೊಡಬೇಕು. ಓಣಿಯ ಹಿಂದಿನ ತೋಟದಲ್ಲಿ ಮೆಟ್ಟಿಲಿನ ಬಾವಿಯೊಂದಿತ್ತು. ಮೊದಲು ಹೂಂ ಅಂದಿದ್ದ ತೋಟದ ಮಾಲೀಕರು ಆ ದಿನ ಗೇಟಿಗೆ ಬೀಗ ಹಾಕಿಕೊಂಡು ನಿಂತಿದ್ದರು.

"ಇವತ್ತ ಬಾವಿಗಿ ಬಿಟ್ರ ನಾಳಿ ಓಣಿ ತುಂಬ ಇವರೇ ಆಗ್ತಾರ, ಕಾಕು," ಅಂದರು.

"ಆಗ್ಲಿ ಬಿಡ್ರಿ. ನಾ ಮರಾಠಿ ಸೀಮಿಂದ ಮದಿವ್ಯಾಗಿ ಬಂದಾಗ ನನಗರ ಎಲ್ಲಿ ಕನ್ನಡ ಬರ್ತಿತ್ತು? ಓಣಿ ಏನ್ ಮುಳಗೋಯ್ತೇನು?"

ಬೀಗ ತೆಗೆಯಲಿಲ್ಲ. ಹುಡುಗಿ ಹಣ್ಣು, ಕಬ್ಬು, ಠೇಕುವಾ ತುಂಬಿದ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಗೇಟಿನ ಮುಂದೆ ಕುಳಿತಿದ್ದಳು. ಉಪವಾಸಕ್ಕೆ ತುಟಿ ಒಡೆದಿತ್ತು. ಗಂಡನಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಕ್ಕಿರಲಿಲ್ಲ. ಕಾಕು ಚೌಕಿನಲ್ಲಿದ್ದ ಟಂಟಂ ಆಟೋ ಕರೆಸಿ, "ಕಲ್ಯಾಣದ ಕೆರಿಗಿ ನಡಿಯಪ್ಪಾ, ಹೊತ್ತು ಮುಳಗೋದ್ರಾಗ ಮುಟ್ಟಬೇಕು," ಎಂದು ಹತ್ತಿಯೇಬಿಟ್ಟರು. ನಾನೂ ಹತ್ತಿದೆ.

ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡವಾಯಿತು. ಹುಡುಗಿ ಪಡುವಣವನ್ನೇ ನೋಡುತ್ತಿದ್ದಳು. ನಾವು ಕೆರೆ ಮುಟ್ಟಿದಾಗ ಸೂರ್ಯ ಆಗಲೇ ಕೆಂಪಾಗಿದ್ದ. ಅವಳು ಆತುರದಲ್ಲಿ ನೀರಿಗಿಳಿದು ಕೆಸರಿನಲ್ಲಿ ಜಾರಿದಳು. ನೀರೆಂದರೆ ಹೆದರುತ್ತಿದ್ದ ಕಾಕು ಸೀರೆ ಮೇಲಕ್ಕೆ ಕಟ್ಟಿ, ಅವಳ ಹಿಂದೆಯೇ ಇಳಿದು ನಡು ಹಿಡಿದು ನಿಲ್ಲಿಸಿದರು. ಹುಡುಗಿ ಮೊರ ಎತ್ತಿ ಹಿಡಿದಳು. ಸೂರ್ಯ ಪೂರ್ತಿ ಇಳಿಯುವವರೆಗೂ ಇಬ್ಬರೂ ಅಲುಗಲಿಲ್ಲ.

ದಂಡೆಗೆ ಬಂದು ಸೆರಗು ಹಿಂಡುತ್ತ ಕಾಕು ಕೇಳಿದರು, ಮುಳುಗುವವನಿಗೆ ಯಾಕೆ ಕೈಮುಗಿಯುತ್ತೀರಿ ಎಂದು. ಹುಡುಗಿ ಹಿಂದಿಯಲ್ಲಿ ಏನೋ ಅಂದಳು. ಕಾಕು ನನ್ನ ಕಡೆ ತಿರುಗಿ, "ಇಡೀ ದಿನ ದುಡದು ಹೊಂಟಾನ, ಬಾಗಲತನಾ ಬಂದು ಕಳಿಸಬ್ಯಾಡೇನು, ಅಂತಾಳ ನೋಡು," ಎಂದರು.

ಮುಂದೆ ತೋಟದ ಮಾಲೀಕರು ಹೇಳಿದ್ದೇ ಆಯಿತು. ಕಾಕುವಿನ ಖೋಲಿಗಳು ತುಂಬಿದವು. ಪಕ್ಕದ ಓಣಿಗೆ ಒಡಿಶಾದವರು ಬಂದರು, ಅದರಾಚೆ ಬಂಗಾಳದ ಗಾರೆ ಕೆಲಸದ ಗೌಂಡಿಗಳು. ನಮ್ಮ ಕಿರಾಣಿ ಅಂಗಡಿಯಲ್ಲಿ ಸಾಸಿವೆ ಎಣ್ಣೆಯ ಬಾಟಲಿ ಸಾಲಾಗಿ ನಿಂತವು. ತೋಟದ ಮಾಲೀಕರೇ ಬಾವಿಯ ಪಕ್ಕ ಖೋಲಿ ಕಟ್ಟಿಸಿ ಬಾಡಿಗೆಗೆ ಕೊಟ್ಟರು. ಕಾಕು ಅವರನ್ನು ಒಮ್ಮೆಯೂ ಆಡಿಕೊಳ್ಳಲಿಲ್ಲ. ಸಂಜೆಯಾದರೆ ಓಣಿ ಓಣಿ ತಿರುಗಿ, ಹೊಸದಾಗಿ ಯಾರು ಬಂದಿದ್ದಾರೆ, ಯಾವ ಊರು, ಏನು ಉಣ್ಣುತ್ತಾರೆ ಎಂದು ವಿಚಾರಿಸುತ್ತಿದ್ದರು.

ಆಮೇಲೆ ಕೊರೊನಾ ಬಂತು. ಫ್ಯಾಕ್ಟರಿ ನಿಂತವು. ಖೋಲಿಗಳು ಒಂದೊಂದಾಗಿ ಖಾಲಿಯಾದವು. ಅಷ್ಟರಲ್ಲಿ ನಾವು ಓಣಿ ಬಿಟ್ಟು ಬಸವಕಲ್ಯಾಣಕ್ಕೆ ಬಂದಿದ್ದೆವು. ನಾನು ಫೋನ್ ಮಾಡಿದಾಗಲೆಲ್ಲ ಕಾಕು ತಮ್ಮ ಬಗ್ಗೆ ಏನೂ ಹೇಳುತ್ತಿರಲಿಲ್ಲ. "ಹಿತ್ತಲ ಒಂದ ದನಿ ಇಲ್ಲವಾ, ಕಿವಿ ಗುಂಯ್ ಅಂತಾವ. ಊರು ಮುಟ್ಟಿದರೋ ಇಲ್ಲೋ..." ಅನ್ನುತ್ತಿದ್ದರು. ಯಾರೂ ಮರಳುವ ಮೊದಲೇ ಅವರು ತೀರಿಕೊಂಡರು. ದಾರಿ ಬಂದ್ ಆಗಿದ್ದರಿಂದ ಮಣ್ಣಿಗೆ ನನಗೂ ಹೋಗಲಾಗಲಿಲ್ಲ.

ಮೇಲಿನ ಮನೆಯವರು ಕೊಟ್ಟ ಠೇಕುವಾ ತಿಂದ ಮರುದಿನ ಹುಮನಾಬಾದಿಗೆ ಹೋಗಿದ್ದೆ. ಓಣಿಯಲ್ಲಿ ಗುರುತಿನ ಮುಖ ಒಂದೂ ಇರಲಿಲ್ಲ. ಕಾಕುವಿನ ಮನೆಯನ್ನು ಪರಊರಿನಲ್ಲಿರುವ ಅವರ ಮಕ್ಕಳು ಮಾರಿದ್ದಾರೆ. ಮೇಲೆ ಮತ್ತೊಂದು ಮಹಡಿ ಎದ್ದಿದೆ. ಬಾಗಿಲಲ್ಲಿ ನಿಂತಿದ್ದೆ. ಒಳಗೆ ತಾಯಿಯೊಂದಿಗೆ ಒಡಿಯಾದಲ್ಲಿ ಮಾತಾಡುತ್ತಿದ್ದ ಹುಡುಗಿಯೊಬ್ಬಳು ಹೊರಬಂದು, ಅಚ್ಚ ನಮ್ಮೂರಿನ ಮಾತಿನಲ್ಲಿ ಕೇಳಿದಳು: "ಯಾರ್ ಬೇಕಾಗ್ಯಾರ್ರಿ ಅಕ್ಕಾ? ಒಳಗ ಬರ್ರಿ."

ಯಾರು ಬೇಕೆಂದು ಹೇಳಲಿ... "ಯಾರಿಲ್ಲವಾ," ಅಂದೆ. ಆದರೂ ಒಳಗೆ ಹೋದೆ.