ಬೋರ್ಡಿಗೇರಿದ ಅವಳ ಕಾರ್ಡು

ನಲವತ್ತು ದಾಟಿದ ಮೇಲೆ ನಾನು ಪಿಸ್ತೂಲು ಹಿಡಿಯುವುದನ್ನು ಕಲಿಯಲು ಹೋದೆ. ರಾಮನಗರದಲ್ಲಿ ನನ್ನ ಮೋಟಾರು ರೀವೈಂಡಿಂಗ್ ಅಂಗಡಿಯ ಹಿಂದಿನ ಬೀದಿಯಲ್ಲಿ, ಹಿಂದೆ ರೇಷ್ಮೆಗೂಡು ತುಂಬುತ್ತಿದ್ದ ಗೋದಾಮಿನಲ್ಲಿ, ಮಾಗಡಿ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ಏರ್ ಪಿಸ್ತೂಲು ತರಬೇತಿ ಶುರುಮಾಡಿದ್ದರು. ಕೂದಲೆಳೆಯಂಥ ತಾಮ್ರದ ತಂತಿ ಸುತ್ತುವ ಕೈ ನನ್ನದು. ಇದೇನು ಮಹಾ ಅಂದುಕೊಂಡಿದ್ದೆ.

ಮೊದಲ ತಿಂಗಳು ಅವರು ಹೊಡೆಯಲು ಪೆಲೆಟ್ ಗುಂಡನ್ನೇ ಕೊಡಲಿಲ್ಲ. ಖಾಲಿ ಪಿಸ್ತೂಲು ಹಿಡಿದು ನಿಲ್ಲುವುದು, ಉಸಿರು ಅರ್ಧ ಬಿಟ್ಟು ತಡೆಯುವುದು, ಇಷ್ಟೇ. "ಗುರಿ ಕಾರ್ಡಿನ್ ನಡುವಿನ್ ಕಪ್ಪು ಬೊಟ್ಟು ನೋಡ್ಬೇಡಿ ಸಾರ್, ಅದು ಮಬ್ಬಾಗೇ ಇರ್ಲಿ. ಪಿಸ್ತೂಲಿನ ತುದೀಲಿ ಕಡ್ಡಿ ಐತಲ್ಲ, ಅದು ಚೆನ್ನಾಗ್ ಕಾಣ್ಬೇಕು. ಟ್ರಿಗರ್ ಒಸಿ ಒಸಿನೇ ಒತ್ತಿ," ಎನ್ನುತ್ತಿದ್ದರು. ನಾಲ್ಕು ತಿಂಗಳಾದರೂ ನನ್ನ ಹೊಡೆತಗಳು ಬೊಟ್ಟಿನ ಸುತ್ತ ಚೆಲ್ಲಾಡುತ್ತಿದ್ದವು.

ಒಂದು ಭಾನುವಾರ, ಹೊಂಗನೂರಿನ ತವರಿನಿಂದ ಬಂದ ಹೆಂಡತಿ ಮನೆ ಬೀಗದ ಕೈ ಕೇಳಲು ನೇರ ಅಲ್ಲಿಗೇ ಬಂದಳು. "ನೀವೂ ಒಂದ್ ಕೈ ನೋಡಿ ತಾಯಿ" ಎಂದರು ಹವಾಲ್ದಾರರು. ಆವತ್ತು ಅವಳು ಹೊಡೆದದ್ದೆಲ್ಲ ಗೋಡೆಗೆ. ನಾನು ಜೋರಾಗಿ ನಕ್ಕೆ. ಮುಂದಿನ ವಾರವೇ ಅವಳು ಸೇರಿಕೊಂಡಳು.

ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವವರೆಗೆ ನೀರು ತುಂಬಿದ ಬಾಟಲಿಯನ್ನು ಚಾಚಿದ ಕೈಯಲ್ಲಿ ಅಲುಗಾಡದಂತೆ ಹಿಡಿದು ನಿಲ್ಲುತ್ತಿದ್ದಳು. ಎರಡೇ ತಿಂಗಳಲ್ಲಿ ಅವಳ ಹತ್ತು ಹೊಡೆತಗಳು ಒಂದು ಬೆಲ್ಲದಚ್ಚಿನಷ್ಟು ಜಾಗದಲ್ಲಿ ಒತ್ತೊತ್ತಾಗಿ ಕೂತವು. ಹವಾಲ್ದಾರರು ಆ ಕಾರ್ಡನ್ನು ಎಲ್ಲರೂ ನೋಡಲೆಂದು ಗೋಡೆಯ ಬೋರ್ಡಿಗೆ ಚುಚ್ಚಿದರು. ನನ್ನದೊಂದೂ ಆ ಬೋರ್ಡಿಗೇರಿರಲಿಲ್ಲ. ಎಲ್ಲರೊಂದಿಗೆ ನಾನೂ ಚಪ್ಪಾಳೆ ತಟ್ಟಿದೆ, ರಾತ್ರಿ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ರೇಗಿದೆ. ಅಂಗಡಿಗೆ ಬಂದವರು "ಏನಣ್ಣ, ಅತ್ತಿಗೆ ನಿಮ್ಗಿಂತ ಚೆನ್ನಾಗ್ ಹೊಡೀತಾರಂತೆ?" ಎಂದಾಗಲೆಲ್ಲ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತಿತ್ತು. ತರಬೇತಿಯಲ್ಲಿ ನನ್ನ ಪಕ್ಕದಲ್ಲೇ ಅವಳು ನಿಲ್ಲುತ್ತಿದ್ದಳು. ನನ್ನ ಹೊಡೆತಗಳು ಈಗ ಒಂದೇ ಸಮನೆ ಬೊಟ್ಟಿನ ಕೆಳಗೆ ಬೀಳತೊಡಗಿದವು.

ಆಮೇಲೆ ಹವಾಲ್ದಾರರು ಕಲಿಯುವವರಲ್ಲೇ ಒಂದು ಸಣ್ಣ ಸ್ಪರ್ಧೆ ಇಟ್ಟರು. ಅವಳು ನೀರು ಕುಡಿಯಲು ಹೊರಗೆ ಹೋಗಿದ್ದಾಗ, ಅವಳ ಪಿಸ್ತೂಲಿನ ಹಿಂಬದಿಯಲ್ಲಿ ಗುರಿ ಸರಿಪಡಿಸುವ ತಿರುಪನ್ನು ನಾಲ್ಕಾರು ಸಲ ತಿರುಗಿಸಿಬಿಟ್ಟೆ. ಬೆರಳು ಆಗ ನಡುಗಲೂ ಇಲ್ಲ.

ಅವಳ ಮೊದಲ ಐದು ಹೊಡೆತಗಳೂ ಬಲಕ್ಕೆ ಬಿದ್ದವು, ಒಂದರ ಪಕ್ಕ ಒಂದು. ಹವಾಲ್ದಾರರು ಪಿಸ್ತೂಲು ತೆಗೆದುಕೊಂಡು ನೋಡಿದರು. "ನಿಮ್ ಕೈ ಸರಿಯಾಗೈತೆ ತಾಯಿ. ತಿರುಪು ಯಾರೋ ತಿರುಗ್ಸವ್ರೆ."

ಅವಳು ನನ್ನ ಕಡೆ ತಿರುಗಿದಳು. ನಾನು ಬೇರೆಲ್ಲೋ ನೋಡಿದೆ. ತಿರುಪು ಸರಿಮಾಡಿದ ಮೇಲೆ ಚೆನ್ನಾಗಿ ಹೊಡೆದರೂ ಎರಡನೆಯ ಸ್ಥಾನಕ್ಕೆ ಇಳಿದಳು.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೇಳಿದೆ: "ನಾನೇ ತಿರುಗಿಸಿದ್ದು."

"ಗೊತ್ತು," ಎಂದಳು.

ಮೂರು ದಿನ ಅವಳು ನನ್ನ ತಟ್ಟೆ ಮುಚ್ಚಿಟ್ಟು ಮಲಗಿಬಿಟ್ಟಳು. ನಾಲ್ಕನೆಯ ದಿನ ಊಟಕ್ಕೆ ಬಡಿಸುತ್ತಾ ಕೇಳಿದಳು: "ನಿಮ್ದ್ಯಾಕೆ ಕೆಳಕ್ಕೆ ಬೀಳ್ತದೆ ಗೊತ್ತಾ? ಟ್ರಿಗರ್ ಒತ್ತಿದ್ ಕೂಡ್ಲೇ ಕೈ ಇಳಿಸ್ಬುಟ್ಟು ನನ್ ಕಾರ್ಡ್ ನೋಡ್ತೀರ. ಹೊಡೆದ್ ಮೇಲೂ ಒಂದ್ಗಳಿಗೆ ಹಂಗೇ ಹಿಡ್ಕೊಂಡಿರ್ಬೇಕು ಅಂತ ಅವ್ರು ಎಷ್ಟ್ ಸಲ ಹೇಳವ್ರೆ?"

ಅವಮಾನಕ್ಕಿಂತ ಹೆಚ್ಚಾಗಿ, ಅದನ್ನೂ ಅವಳೇ ಕಂಡುಹಿಡಿದಳಲ್ಲ ಎಂಬ ಸಂಕಟ.

ಭಾನುವಾರ ಹವಾಲ್ದಾರರಿಗೂ ತಪ್ಪೊಪ್ಪಿಕೊಂಡೆ. "ನಾನೇನ್ ಹೇಳ್ಲಿ ಸಾರ್? ಅಮ್ಮೋರು ಒಪ್ಪುದ್ರೆ ಬನ್ನಿ," ಎಂದರು. ಅವಳು ಒಪ್ಪಿದಳು.

ಈಗಲೂ ಜೊತೆಗೇ ಹೋಗುತ್ತೇವೆ. ನನ್ನ ಹೊಡೆತಗಳು ಒಂದಿಷ್ಟು ಮೇಲೇರಿವೆ. ಅವಳ ಹೊಡೆತ ನಟ್ಟನಡುವೆ ಬಿದ್ದು ಹತ್ತು ಅಂಕ ಬಂದಾಗ ಉರಿ ಮಾತ್ರ ಹಾಗೇ ಇದೆ. ಮೊನ್ನೆ ಪಕ್ಕಪಕ್ಕ ನಿಂತು ಗುರಿ ಹಿಡಿದಿದ್ದಾಗ ಅದನ್ನು ಬಾಯಿಬಿಟ್ಟೇ ಹೇಳಿದೆ: "ಹೊಟ್ಟೆ ಉರೀತೈತೆ ಕಣೇ."

"ಉರೀಲಿ," ಎಂದಳು, ನನ್ನತ್ತ ತಿರುಗದೆ. "ಕೈ ಇಳಿಸ್ಬೇಡಿ."